ಕ್ಲೋಸಿಂಗ್ ಟ್ಯಾಗ್ ತಾನಾಗಿ ಬಂತು, ಕರ್ಸರ್ ಎಲ್ಲಿ ನಿಂತಿದೆ?

ಎಚ್‌ಟಿಎಮ್‌ಎಲ್ (ವೆಬ್ ಪುಟ ಬರೆಯುವ ಭಾಷೆ) ಎಡಿಟರ್ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಎರಡು. ಟ್ಯಾಗನ್ನು ಮುಚ್ಚುವ </...> ಗುರುತು, ಅಂದರೆ ಕ್ಲೋಸಿಂಗ್ ಟ್ಯಾಗ್, ಬರಲೇ ಇಲ್ಲ ಅನ್ನುವುದು ಒಂದು. ಬೇಡದ ಕಡೆ ಬಂದು ಕೂತಿದೆ ಅನ್ನುವುದು ಇನ್ನೊಂದು. ಎರಡನ್ನೂ ಬಗೆಹರಿಸಬೇಕಾದರೆ ಒಂದು ವಿಷಯ ತಿಳಿದಿರಬೇಕು. ಎಡಿಟರ್ ಒಳಗೆ ನಮ್ಮ ಪರವಾಗಿ ಟೈಪ್ ಮಾಡುವವರು ಒಬ್ಬರಲ್ಲ, ನಾಲ್ವರಿದ್ದಾರೆ. ಒಬ್ಬೊಬ್ಬರೂ ಕೆಲಸ ಮುಗಿಸಿ ಕರ್ಸರನ್ನು ಬಿಟ್ಟುಹೋಗುವ ಜಾಗ ಬೇರೆ, ಆಮೇಲೆ ಟ್ಯಾಬ್ ಕೀಗೆ ಬರುವ ಅರ್ಥವೂ ಬೇರೆ. ಯಾರು ಬಂದು ಹೋದರು ಎಂದು ಗೊತ್ತಾಗದೆ ಸೆಟ್ಟಿಂಗ್ಸ್‌ನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಆನ್ ಆಫ್ ಮಾಡುತ್ತಾ ಹೋದರೆ ದಿನ ಹಾಳು, ಅಷ್ಟೇ.

ವಿಎಸ್ ಕೋಡ್ ಎಂಬ ಎಡಿಟರನ್ನು ಮುಂದಿಟ್ಟುಕೊಂಡು ಹೇಳುತ್ತೇನೆ, ಉಳಿದ ಎಡಿಟರ್‌ಗಳ ಬಗ್ಗೆ ಕೊನೆಯ ಕಡೆ ಚುಟುಕಾಗಿ. ಶಾರ್ಟ್‌ಕಟ್‌ಗಳು ವಿಂಡೋಸ್ ಮತ್ತು ಲಿನಕ್ಸ್‌ನವು. ಟ್ಯಾಗ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ: <ಡಿವ್>, <ಪಿ>, <ಯುಎಲ್>. ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇಕು. < ಚಿಹ್ನೆಗೆ ಅಂಟಿಕೊಂಡು ಇಂಗ್ಲಿಷ್ ಅಕ್ಷರ ಇದ್ದರೆ ಮಾತ್ರ ಬ್ರೌಸರ್ ಅದನ್ನು ಓಪನಿಂಗ್ ಟ್ಯಾಗ್ ಎಂದು ಒಪ್ಪುತ್ತದೆ. ಕನ್ನಡ ಅಕ್ಷರ ಬಂದರೆ ಬರೀ ಪಠ್ಯವೆಂದುಕೊಂಡು ತೆರೆಯ ಮೇಲೆ ಹಾಗೇ ತೋರಿಸಿಬಿಡುತ್ತದೆ. ಉದಾಹರಣೆಗಳಲ್ಲಿ ಕಾಣುವ | ಗೆರೆ ಕರ್ಸರ್ ನಿಂತ ಜಾಗ.

ಒಂದು ಸಾಲನ್ನು ಕೀ ಕೀಯಾಗಿ ನೋಡೋಣ. < ಒತ್ತಿದ ಕೂಡಲೇ ಸಲಹೆಗಳ ಪಟ್ಟಿ ಇಳಿಯುತ್ತದೆ. ಒಂದೆರಡು ಅಕ್ಷರ ಹೊಡೆದು, ಡಿವ್ ಮೇಲೆ ನಿಂತು ಎಂಟರ್ ಒತ್ತಿದರೆ ಸಿಗುವುದು ಇಷ್ಟು:

<ಡಿವ್|

> ಚಿಹ್ನೆಯೂ ಇಲ್ಲ, ಕ್ಲೋಸಿಂಗ್ ಟ್ಯಾಗೂ ಇಲ್ಲ. ಸಲಹೆ ಪಟ್ಟಿಯ ಕೆಲಸ ಹೆಸರು ತುಂಬಿಸುವುದಕ್ಕೆ ಮುಗಿಯಿತು. ಆಟ್ರಿಬ್ಯೂಟ್ (ಟ್ಯಾಗಿನ ಹೆಚ್ಚಿನ ವಿವರ) ಹಾಕುವವರಿಗೆ ಕರ್ಸರ್ ಅಲ್ಲೇ ಇರಬೇಕಲ್ಲ, ಹಾಗಾಗಿ ಇದು ಸರಿಯೇ. ಸ್ಪೇಸ್ ಒತ್ತಿ ಕ್ಲಾಸ್ ಆಯ್ದುಕೊಂಡರೆ:

<ಡಿವ್ ಕ್ಲಾಸ್="|"

ಉದ್ಧರಣ ಚಿಹ್ನೆಗಳ ಜೋಡಿ ಬಂತು, ಕರ್ಸರ್ ಒಳಗೆ ನಿಂತಿತು. ಇದು ಸ್ನಿಪೆಟ್ ಆಗಿ, ಅಂದರೆ ಕರ್ಸರಿನ ನಿಲ್ದಾಣಗಳನ್ನು ಗುರುತಿಸಿಟ್ಟ ಸಿದ್ಧ ತುಣುಕಾಗಿ, ಬಂದದ್ದರಿಂದ ಮೌಲ್ಯ ಬರೆದು ಟ್ಯಾಬ್ ಒತ್ತಿದರೆ ಕರ್ಸರ್ ಹೊರಗೆ ಹಾರುತ್ತದೆ, ಬಾಣದ ಕೀ ಹುಡುಕಬೇಕಿಲ್ಲ. ಈಗ > ಒತ್ತಿ:

<ಡಿವ್ ಕ್ಲಾಸ್="ಮುಖಪುಟ">|</ಡಿವ್>

ಈ ಕೊನೆಯ ಹೆಜ್ಜೆಯಲ್ಲಿ ಕೆಲಸ ಮಾಡಿದ್ದು ಎರಡನೆಯವ, ಹಿನ್ನೆಲೆಯಲ್ಲಿ ಫೈಲನ್ನು ಓದಿ ಎಡಿಟರಿಗೆ ಉತ್ತರ ಕೊಡುವ ಎಚ್‌ಟಿಎಮ್‌ಎಲ್ ಲ್ಯಾಂಗ್ವೇಜ್ ಸರ್ವರ್. ‘ಎಚ್‌ಟಿಎಮ್‌ಎಲ್: ಆಟೋ ಕ್ಲೋಸಿಂಗ್ ಟ್ಯಾಗ್ಸ್’ ಎಂಬ ಸೆಟ್ಟಿಂಗ್ ಇವನದು, ಮೊದಲಿನಿಂದಲೇ ಆನ್ ಇರುತ್ತದೆ. ಮೂರನೆಯವ ಎಡಿಟರಿನ ಒಳಗೇ ಇರುವ ಜೋಡಿ ಚಿಹ್ನೆಯ ವ್ಯವಸ್ಥೆ. ಎಚ್‌ಟಿಎಮ್‌ಎಲ್ ಫೈಲಿನಲ್ಲಿ ಅದು ಮೂರು ಬಗೆಯ ಆವರಣ ಚಿಹ್ನೆ, ಎರಡು ಬಗೆಯ ಉದ್ಧರಣ ಚಿಹ್ನೆ ಮತ್ತು ಕಾಮೆಂಟನ್ನು ಮಾತ್ರ ನೋಡಿಕೊಳ್ಳುತ್ತದೆ. < ಆ ಪಟ್ಟಿಯಲ್ಲಿ ಇಲ್ಲ. ‘ಆಟೋ ಕ್ಲೋಸಿಂಗ್ ಬ್ರ್ಯಾಕೆಟ್ಸ್’ ಸೆಟ್ಟಿಂಗನ್ನು ಎಷ್ಟು ಸಲ ತಿರುಗಿಸಿದರೂ ಟ್ಯಾಗ್ ವಿಷಯದಲ್ಲಿ ಏನೂ ಆಗದಿರುವುದು ಇದಕ್ಕೇ. ನಾಲ್ಕನೆಯವ ಎಮ್ಮೆಟ್, ಚುಟುಕು ಬರಹವನ್ನು ಪೂರ್ತಿ ಟ್ಯಾಗ್ ಆಗಿ ಬಿಡಿಸುವವ. ಅವನ ಕಥೆ ಉದ್ದ, ಆಮೇಲೆ ನೋಡೋಣ.

ಲ್ಯಾಂಗ್ವೇಜ್ ಸರ್ವರ್ ವಿಷಯದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಸಂಗತಿಯೊಂದಿದೆ. > ಒತ್ತಿದ ತಕ್ಷಣ ಕ್ಲೋಸಿಂಗ್ ಟ್ಯಾಗ್ ಬರುವುದಿಲ್ಲ. ಎಡಿಟರ್ 100 ಮಿಲಿಸೆಕೆಂಡ್ ಕಾದು, ಆಮೇಲೆ ಸರ್ವರನ್ನು ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಫೈಲಿನಲ್ಲಿ ಬೇರೆ ಏನಾದರೂ ಬದಲಾಗಿದ್ದರೆ, ಅಂದರೆ ನೀವು ಮುಂದಿನ ಅಕ್ಷರ ಹೊಡೆದಿದ್ದರೆ, ಉತ್ತರವನ್ನು ಕಸಕ್ಕೆ ಹಾಕುತ್ತದೆ. ಕೈ ಚುರುಕಿರುವವರಿಗೆ ‘ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಬರಲ್ಲ’ ಅನಿಸುವುದಕ್ಕೆ ಮುಖ್ಯ ಕಾರಣ ಇದು. ಎಕ್ಸ್‌ಟೆನ್ಶನ್ ಕೆಟ್ಟಿದೆ ಎಂದು ತೆಗೆದು ಮತ್ತೆ ಹಾಕುವ ಅಗತ್ಯ ಇಲ್ಲ. > ಒತ್ತಿ ಒಂದು ಚಿಟಿಕೆಯಷ್ಟು ಹೊತ್ತು ಬಿಡಿ, ಬರುತ್ತದೆ. ಬಿಟ್ಟೇ ಹೋಗಿದ್ದರೆ ಪಠ್ಯ ಬರೆದು ಮುಗಿಸಿ </ ಹೊಡೆಯಿರಿ, ಉಳಿದದ್ದನ್ನು ಅದೇ ಪೂರ್ತಿ ಮಾಡುತ್ತದೆ.

ಈ </ ಅನ್ನು ನಾನು ಬರೀ ಪೂರ್ತಿ ಮಾಡುವ ಕೀ ಎಂದು ನೋಡುವುದಿಲ್ಲ, ಪತ್ತೆದಾರಿಕೆಗೂ ಬಳಸುತ್ತೇನೆ. </ ಹೊಡೆದಾಗ ಸರ್ವರ್ ಕರ್ಸರ್ ಇರುವ ಜಾಗದಿಂದ ಮೇಲಕ್ಕೆ ಹತ್ತುತ್ತಾ, ಇನ್ನೂ ಮುಚ್ಚದೆ ಉಳಿದ ಅತಿ ಹತ್ತಿರದ ಟ್ಯಾಗ್ ಯಾವುದೋ ಅದರ ಹೆಸರು ಹಾಕುತ್ತದೆ. ನೀವು ಸೆಕ್ಷನ್ ಮುಚ್ಚುತ್ತಿದ್ದೇನೆ ಎಂದುಕೊಂಡಿರುತ್ತೀರಿ, ಅದು ಎಲ್ಐ ಎಂದು ಬರೆದರೆ ಮೇಲೆಲ್ಲೋ ಒಂದು <ಎಲ್ಐ> ಬಾಯಿ ತೆರೆದುಕೊಂಡೇ ಇದೆ ಎಂದರ್ಥ. ಅದನ್ನು ಹಾಗೇ ಒಪ್ಪಿಕೊಂಡು ಮುಂದೆ ಹೋಗಬೇಡಿ. ಕಂಟ್ರೋಲ್ ಝಡ್ ಒತ್ತಿ, ಮೇಲೆ ಹೋಗಿ ಹುಡುಕಿ.

ಇನ್ನು ಎರಡನೆಯ ದೂರು: ಬೇಡದ ಕಡೆ ಬಂದ ಕ್ಲೋಸಿಂಗ್ ಟ್ಯಾಗ್. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಅಪಾಯದ್ದು. ಬಾರದೇ ಇದ್ದದ್ದು ಹೇಗೂ ಕಣ್ಣಿಗೆ ಬೀಳುತ್ತದೆ, ಹೆಚ್ಚಾಗಿ ಬಂದದ್ದು ಬೀಳುವುದಿಲ್ಲ. ಈ ಸಾಲು ನೋಡಿ:

<ಡಿವ್ ಕ್ಲಾಸ್="ಪಟ್ಟಿ"|<ಪಿ>ಮೊದಲ ಸಾಲು</ಪಿ></ಡಿವ್>

ಕ್ಲಾಸ್ ಹೆಸರು ತಿದ್ದುವಾಗ > ಕೈ ತಪ್ಪಿ ಅಳಿಸಿಹೋಗಿದೆ. ಮತ್ತೆ > ಒತ್ತುತ್ತೀರಿ. ಆಗ ಬರುವುದು:

<ಡಿವ್ ಕ್ಲಾಸ್="ಪಟ್ಟಿ">|</ಡಿವ್><ಪಿ>ಮೊದಲ ಸಾಲು</ಪಿ></ಡಿವ್>

ಮುಂದೆ ಎಲ್ಲೋ ಇದೇ ಟ್ಯಾಗಿಗೆ ಮುಚ್ಚಳ, ಅಂದರೆ ಕ್ಲೋಸಿಂಗ್ ಟ್ಯಾಗ್, ಇದೆಯೋ ಇಲ್ಲವೋ ಎಂಬುದು ಎಚ್‌ಟಿಎಮ್‌ಎಲ್ ಸರ್ವರಿಗೆ ತಲೆನೋವಲ್ಲ. > ಎಂದು ಟ್ಯಾಗ್ ಮುಗಿಯಿತು, ಮುಚ್ಚಳ ಹಾಕಿತು. ಸಾಲು ಉದ್ದವಿದ್ದು, ಒರಿಜಿನಲ್ ಮುಚ್ಚಳ 60 ಸಾಲು ಕೆಳಗಿದ್ದರೆ ಇದು ಗೊತ್ತೇ ಆಗುವುದಿಲ್ಲ. ಈಗ ಕೊನೆಯಲ್ಲಿ ಒಂದು </ಡಿವ್> ಹೆಚ್ಚಾಗಿ ಉಳಿಯಿತಲ್ಲ, ಅದು ಸುಮ್ಮನೆ ಕೂರುವುದಿಲ್ಲ. ಹೊರಗೆ ಇನ್ನೊಂದು ಡಿವ್ ತೆರೆದಿದ್ದರೆ ಅದನ್ನು ಮುಚ್ಚಿಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಒಂದು ಮೆಟ್ಟಿಲು ಹೊರಗೆ ಸರಿಯುತ್ತದೆ. ಬಲಗಡೆಯ ಕಾಲಮ್ ಕೆಳಗೆ ಬಿದ್ದಿದೆ, ಫೂಟರ್ ಅಗಲವಾಗಿದೆ ಎಂದು ಪುಟದ ಅಂದ ನಿರ್ಧರಿಸುವ ಸಿಎಸ್ಎಸ್ ಫೈಲನ್ನು ಜಾಲಾಡುವುದು ಶುರುವಾಗುವುದು ಇಲ್ಲಿಂದ. ತಪ್ಪು ಸಿಎಸ್ಎಸ್‌ನಲ್ಲಿ ಇರುವುದೇ ಇಲ್ಲ.

<ಪಿ> ವಿಷಯದಲ್ಲಿ ಇನ್ನೊಂದು ಗಮ್ಮತ್ತಿದೆ. <ಪಿ>|</ಪಿ> ಎಂದು ಎಡಿಟರ್ ಜೋಡಿ ಕೊಟ್ಟಿತು, ನೀವು ನಡುವೆ ಒಂದು ಡಿವ್ ಇಟ್ಟಿರಿ. ಎಡಿಟರ್ ಕಣ್ಣಿಗೆ ಎಲ್ಲ ಜೋಡಿಯೂ ಸರಿ. ಆದರೆ ಪಿ ಒಳಗೆ ಡಿವ್ ಇರುವಂತಿಲ್ಲ. ಬ್ರೌಸರ್ ಡಿವ್ ಕಂಡ ಕೂಡಲೇ ಪಿಯನ್ನು ತಾನೇ ಮುಚ್ಚುತ್ತದೆ, ಕೊನೆಗೆ ಒಂಟಿಯಾಗಿ ಸಿಕ್ಕ </ಪಿ>ಗೆ ಹೊಸದೊಂದು ಖಾಲಿ ಪಿ ಹುಟ್ಟಿಸುತ್ತದೆ. ಪುಟದಲ್ಲಿ ಎಲ್ಲಿಂದಲೋ ಬಂದ ಖಾಲಿ ಜಾಗಕ್ಕೆ ಇದೇ ಕಾರಣ ಇರಬಹುದು. ಬ್ರೌಸರಿನೊಳಗಿನ ಡೆವ್‌ಟೂಲ್ಸ್‌ನ ಎಲಿಮೆಂಟ್ಸ್ ಫಲಕದಲ್ಲಿ ಇಂಥದ್ದನ್ನು ಹುಡುಕುವುದು ಕಷ್ಟ, ಅಲ್ಲಿ ಕಾಣುವುದು ಬ್ರೌಸರ್ ರಿಪೇರಿ ಮಾಡಿದ ಮೇಲಿನ ಮರ. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಯು ಒತ್ತಿ ಮೂಲ ಪಠ್ಯ ತೆಗೆಯಿರಿ, ಒಂಟಿ ಕ್ಲೋಸಿಂಗ್ ಟ್ಯಾಗ್‌ಗಳು ಕೆಂಪು ಬಣ್ಣದಲ್ಲಿ ಎದ್ದು ಕಾಣುತ್ತವೆ.

ಹೆಚ್ಚುವರಿ ಮುಚ್ಚಳ ಬಂದ ಕ್ಷಣದಲ್ಲೇ ಕಂಡರೆ ಪರಿಹಾರ ಸುಲಭ. ತಾನಾಗಿ ಬಂದ ಟ್ಯಾಗ್ ಪ್ರತ್ಯೇಕ ಅನ್‌ಡೂ ಹೆಜ್ಜೆಯಾಗಿ ದಾಖಲಾಗುತ್ತದೆ. ಒಂದು ಸಲ ಕಂಟ್ರೋಲ್ ಝಡ್ ಒತ್ತಿದರೆ ಮುಚ್ಚಳ ಮಾತ್ರ ಹೋಗುತ್ತದೆ, ನೀವು ಹೊಡೆದ > ಉಳಿಯುತ್ತದೆ. ಡಿಲೀಟ್ ಕೀಯನ್ನು ಆರು ಸಲ ಒತ್ತುತ್ತಾ ಕೂರುವುದಕ್ಕಿಂತ ಇದು ವಾಸಿ, ಪಕ್ಕದ ಅಕ್ಷರ ತಿನ್ನುವ ಭಯವೂ ಇಲ್ಲ.

ಇರುವ ಪಠ್ಯದ ಸುತ್ತ ಹೊಸ ಟ್ಯಾಗ್ ಸುತ್ತಬೇಕಾದಾಗ ಈ ಪೇಚು ದಿನವೂ ಬರುತ್ತದೆ. ಮೇಲೆ <ಸೆಕ್ಷನ್> ಹೊಡೆದರೆ ಮುಚ್ಚಳ ಅಲ್ಲೇ ಬೀಳುತ್ತದೆ, ಅದನ್ನು ಕತ್ತರಿಸಿ ಕೆಳಗೆ ಒಯ್ದು ಅಂಟಿಸಬೇಕು. ಹಾಗೆ ಮಾಡಬೇಡಿ. ಸುತ್ತಬೇಕಾದ ಸಾಲುಗಳನ್ನು ಆಯ್ದು, ಕಂಟ್ರೋಲ್ ಶಿಫ್ಟ್ ಪಿ ಒತ್ತಿ ‘ಎಮ್ಮೆಟ್: ರ‍್ಯಾಪ್ ವಿತ್ ಅಬ್ರಿವಿಯೇಶನ್’ ಆರಿಸಿ, ಟ್ಯಾಗ್ ಹೆಸರು ಕೊಟ್ಟು ಎಂಟರ್ ಒತ್ತಿ. ಇದಕ್ಕೆ ವಿಎಸ್ ಕೋಡ್ ಯಾವ ಕೀಯನ್ನೂ ಮೊದಲೇ ಕೊಟ್ಟಿಲ್ಲ. ಕೀಬೋರ್ಡ್ ಶಾರ್ಟ್‌ಕಟ್ಸ್ ಪುಟದಲ್ಲಿ ಒಂದನ್ನು ನೀವೇ ಕಟ್ಟಿಕೊಳ್ಳಬೇಕು, ಕಟ್ಟಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಪಟ್ಟಿ ಮಾಡುವಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದರ ಕೆಳಗೊಂದು ನಾಲ್ಕು ಸಾಲು ಇವೆ ಎನ್ನಿ:

ಮೈಸೂರು
ಮಂಡ್ಯ
ಹಾಸನ
ಕೊಡಗು

ನಾಲ್ಕನ್ನೂ ಆಯ್ದು, ಸುತ್ತುವ ಪೆಟ್ಟಿಗೆಯಲ್ಲಿ ಯುಎಲ್>ಎಲ್ಐ* ಎಂದು ಕೊಟ್ಟರೆ ಹೊರಗೆ ಒಂದೇ ಯುಎಲ್, ಒಳಗೆ ಪ್ರತಿ ಸಾಲಿಗೂ ಒಂದೊಂದು ಎಲ್ಐ. ನಕ್ಷತ್ರದ ಮುಂದೆ ಸಂಖ್ಯೆ ಹಾಕಬಾರದು, ಸಾಲುಗಳನ್ನು ಅದೇ ಎಣಿಸಿಕೊಳ್ಳುತ್ತದೆ. ನಕ್ಷತ್ರ ಮರೆತರೆ ನಾಲ್ಕೂ ಊರು ಒಂದೇ ಎಲ್ಐ ಒಳಗೆ ಸೇರುತ್ತವೆ.

ಟ್ಯಾಗ್ ಜೋಡಿಯ ನಡುವೆ ಎಂಟರ್ ಒತ್ತಿದಾಗ ಏನಾಗುತ್ತದೆ ಎಂಬುದೂ ಕರ್ಸರಿನ ಸರಿಯಾದ ಜಾಗದ ಮೇಲೆ ನಿಂತಿದೆ. <ಡಿವ್>|</ಡಿವ್> ಇಲ್ಲಿ ಎಂಟರ್ ಒತ್ತಿದರೆ ಮೂರು ಸಾಲಾಗುತ್ತದೆ: ಮುಚ್ಚಳ ತನ್ನದೇ ಸಾಲಿಗೆ ಇಳಿಯುತ್ತದೆ, ಕರ್ಸರ್ ನಡುವಿನ ಸಾಲಿನಲ್ಲಿ ಒಂದು ಹೆಜ್ಜೆ ಒಳಗೆ ನಿಲ್ಲುತ್ತದೆ. ಆದರೆ ಕರ್ಸರಿನ ಬಲಕ್ಕೆ, ಮುಚ್ಚಳಕ್ಕೆ ಮುಂಚೆ, ಒಂದೇ ಒಂದು ಸ್ಪೇಸ್ ಇದ್ದರೂ ಈ ನಿಯಮ ಅನ್ವಯಿಸುವುದಿಲ್ಲ. ಎಡಿಟರ್ ನೋಡುವುದು ಕರ್ಸರಿಗೆ ತಾಗಿಕೊಂಡೇ </ ಇದೆಯೇ ಎಂದು. ಇಲ್ಲದಿದ್ದರೆ ಎರಡೇ ಸಾಲು, ಮುಚ್ಚಳ ಒಳಗೆ ಸರಿದ ಸಾಲಿನಲ್ಲೇ ಉಳಿಯುತ್ತದೆ. ‘ಇಂಡೆಂಟ್ ಕೆಟ್ಟಿದೆ’ ಎನ್ನುವಾಗ ಆ ಒಂಟಿ ಸ್ಪೇಸನ್ನು ಹುಡುಕಿ. ಬಿಆರ್, ಐಎಮ್‌ಜಿ, ಇನ್‌ಪುಟ್, ಮೆಟಾ, ಲಿಂಕ್ ಇಂಥವಕ್ಕೆ ಈ ಯಾವ ಉಪಚಾರವೂ ಇಲ್ಲ. ಮುಚ್ಚಳವೇ ಇಲ್ಲದ ಇಂಥ ಟ್ಯಾಗ್‌ಗಳು ಈಗಿನ ಎಚ್‌ಟಿಎಮ್‌ಎಲ್‌ನಲ್ಲಿ 13 ಇವೆ, ಎಡಿಟರಿಗೆ ಅವು ಬಾಯಿಪಾಠ.

ಟ್ಯಾಗಿನಿಂದ ಹೊರಗೆ ಬರುವುದು ಒಳಗೆ ಹೋಗುವುದಕ್ಕಿಂತ ಕಷ್ಟ ಎಂದು ಬಹಳ ಜನ ಬಲಬಾಣದ ಕೀಯನ್ನು ಸವೆಸುತ್ತಾರೆ. > ಒತ್ತಿ ಬಂದ ಮುಚ್ಚಳ ಸ್ನಿಪೆಟ್ ಆಗಿ ಬಂದಿದ್ದರೂ ಅದರ ಕೊನೆಯ ನಿಲ್ದಾಣ ಟ್ಯಾಗ್‌ಗಳ ನಡುವೆಯೇ ಇದೆ, ಹಾಗಾಗಿ ಅಲ್ಲಿ ಟ್ಯಾಬ್ ಒತ್ತಿದರೆ ಹೊರಗೆ ಹಾರುವ ಬದಲು ಪಠ್ಯದ ನಡುವೆ ಖಾಲಿ ಜಾಗ ಬೀಳುತ್ತದೆ. ಅದೇ ಸಾಲಿನ ಕೊನೆಗೆ ಹೋಗಬೇಕೆಂದರೆ ಎಂಡ್ ಕೀ. ಆದರೆ ಎಚ್ಚರ, <ಪಿ>ಇದು <ಬಿ>ದಪ್ಪ|</ಬಿ></ಪಿ> ಎಂಬಲ್ಲಿ ಎಂಡ್ ಒತ್ತಿದರೆ ಪಿಯನ್ನೂ ದಾಟಿಬಿಡುತ್ತೀರಿ. ಸಾಲು ಮುಗಿಯಿತು, ಮುಂದಿನ ಸಾಲಿಗೆ ಹೋಗಬೇಕು ಎಂದರೆ ಕಂಟ್ರೋಲ್ ಎಂಟರ್. ಕರ್ಸರ್ ಸಾಲಿನ ಯಾವ ಮೂಲೆಯಲ್ಲಿದ್ದರೂ ಆ ಸಾಲನ್ನು ಒಡೆಯದೆ ಕೆಳಗೆ ಹೊಸ ಸಾಲು ತೆರೆಯುತ್ತದೆ. ಕಂಟ್ರೋಲ್ ಶಿಫ್ಟ್ ಎಂಟರ್ ಮೇಲಕ್ಕೆ ತೆರೆಯುತ್ತದೆ. ಈ ಎರಡು ಕೀ ಕೈಗೆ ಹತ್ತಿದರೆ ಹೊರಬರುವ ತಾಪತ್ರಯ ಅರ್ಧಕ್ಕರ್ಧ ಕಡಿಮೆ.

ಈಗ ಎಮ್ಮೆಟ್. ಹೆಸರು ಕೇಳಿ ಎಮ್ಮೆ ನೆನಪಾದರೆ ತಪ್ಪಿಲ್ಲ, ಆದರೆ ಆ ಹಳೆಯ ಇಂಗ್ಲಿಷ್ ಪದದ ಅರ್ಥ ಇರುವೆ. ಸೆರ್ಗೇಯ್ ಚಿಕುಯೊನೊಕ್ ಮೊದಲು ಝೆನ್ ಕೋಡಿಂಗ್ ಎಂಬ ಹೆಸರಿನಲ್ಲಿ ಕಟ್ಟಿದ್ದು. ವಿಎಸ್ ಕೋಡ್‌ನಲ್ಲಿ ಇದು ಒಳಗೇ ಇದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ನೆನಪಿಡಬೇಕಾದ ವ್ಯತ್ಯಾಸ ಒಂದೇ: < ಹಾಕಿ ಶುರು ಮಾಡಿದರೆ ಸಲಹೆ ಪಟ್ಟಿ ಮತ್ತು ಸರ್ವರ್, < ಹಾಕದೆ ಬರೀ ಹೆಸರು ಹೊಡೆದರೆ ಎಮ್ಮೆಟ್. ಯುಎಲ್>ಎಲ್ಐ*3>ಎ ಎಂದು ಹೊಡೆದು ಎಂಟರ್ ಒತ್ತಿದರೆ ಮೂರು ಕೊಂಡಿಗಳ ಪಟ್ಟಿ ಬರುತ್ತದೆ, ಕರ್ಸರ್ ಮೊದಲ ಎಚ್‌ರೆಫ್‌ನ ಉದ್ಧರಣ ಚಿಹ್ನೆಗಳ ನಡುವೆ ನಿಲ್ಲುತ್ತದೆ. ವಿಳಾಸ ಬರೆದು ಟ್ಯಾಬ್, ಕೊಂಡಿಯ ಪಠ್ಯ ಬರೆದು ಟ್ಯಾಬ್, ಹೀಗೆ ಒಟ್ಟು ಆರು ನಿಲ್ದಾಣ. ಹಿಂದಕ್ಕೆ ಹೋಗಲು ಶಿಫ್ಟ್ ಟ್ಯಾಬ್. ಕೊನೆಯದನ್ನು ತಲುಪಿದ ಮೇಲೆ ಟ್ಯಾಬ್ ಮತ್ತೆ ಮಾಮೂಲಿ ಟ್ಯಾಬ್. ನಡುವೆ ಎಸ್ಕೇಪ್ ಒತ್ತಿದರೆ ನಿಲ್ದಾಣಗಳೆಲ್ಲ ಅಳಿಸಿಹೋಗುತ್ತವೆ. ಸಲಹೆ ಪಟ್ಟಿ ಅಡ್ಡ ಬಂತೆಂದು ಎಸ್ಕೇಪ್ ಒತ್ತುವಾಗ ಎರಡು ಸಲ ಒತ್ತಿದರೆ ಹೀಗಾಗುತ್ತದೆ: ಮೊದಲನೆಯದಕ್ಕೆ ಪಟ್ಟಿ ಮುಚ್ಚಿತು, ಎರಡನೆಯದಕ್ಕೆ ಸ್ನಿಪೆಟ್ ಹೋಯಿತು.

ಎಮ್ಮೆಟ್‌ನ ಕಿರುಕುಳವೂ ಗೊತ್ತಿರಲಿ. ಪ್ಯಾರಾ ಬರೆಯುತ್ತಾ ಇಂಗ್ಲಿಷ್ ಪದವೊಂದರಿಂದ ಸಾಲು ಮುಗಿಸಿ ಎಂಟರ್ ಒತ್ತಿದಿರಿ, ಆ ಪದ ಮೇನ್ ಅಥವಾ ಟೇಬಲ್ ಆಗಿತ್ತು. ಹೊಸ ಸಾಲಿನ ಬದಲು ಒಂದು ಟ್ಯಾಗ್ ಜೋಡಿ ಬಂದು ಕೂರುತ್ತದೆ. ಇದಕ್ಕೆ ಎರಡು ದಾರಿ. ‘ಅಕ್ಸೆಪ್ಟ್ ಸಜೆಶನ್ ಆನ್ ಎಂಟರ್’ ಅನ್ನು ಆಫ್ ಮಾಡಿದರೆ ಎಂಟರ್ ಯಾವಾಗಲೂ ಹೊಸ ಸಾಲು, ಸಲಹೆ ಒಪ್ಪುವುದು ಟ್ಯಾಬ್‌ನಿಂದ ಮಾತ್ರ. ಇಲ್ಲವೇ ‘ಎಮ್ಮೆಟ್: ಶೋ ಎಕ್ಸ್‌ಪ್ಯಾಂಡೆಡ್ ಅಬ್ರಿವಿಯೇಶನ್’ ಅನ್ನು ನೆವರ್ ಮಾಡಿ, ‘ಟ್ರಿಗರ್ ಎಕ್ಸ್‌ಪ್ಯಾನ್ಶನ್ ಆನ್ ಟ್ಯಾಬ್’ ಆನ್ ಮಾಡಿ. ಆಗ ಎಮ್ಮೆಟ್ ಪಟ್ಟಿಯಲ್ಲಿ ಮೂಗು ತೂರಿಸುವುದಿಲ್ಲ, ಟ್ಯಾಬ್ ಒತ್ತಿದಾಗ ಮಾತ್ರ ಬರುತ್ತದೆ. ಪಠ್ಯ ಹೆಚ್ಚು ಬರೆಯುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಎಐ ಸಹಾಯಕದ ಬೂದು ಪಠ್ಯವೂ ಟ್ಯಾಬ್ ಕೀಯನ್ನೇ ಕೇಳುತ್ತದೆ. ಒಪ್ಪುವ ಮುಂಚೆ ಅದರ ಬಾಲದಲ್ಲಿ ಕ್ಲೋಸಿಂಗ್ ಟ್ಯಾಗ್ ಇದೆಯೇ, ನಿಮ್ಮ ಕರ್ಸರಿನ ಬಲಕ್ಕೆ ಆಗಲೇ ಒಂದು ಇದೆಯೇ ಎಂದು ನೋಡಿ. ಕಂಟ್ರೋಲ್ ಬಲಬಾಣ ಒತ್ತಿದರೆ ಒಂದೊಂದೇ ಪದವಾಗಿ ಒಪ್ಪಿ, ಬೇಕಾದಲ್ಲಿ ನಿಲ್ಲಿಸಬಹುದು.

ಟ್ಯಾಗ್ ಹೆಸರು ಬದಲಿಸುವ ವಿಷಯ. <ಡಿವ್> ಅನ್ನು <ಸೆಕ್ಷನ್> ಮಾಡಿದಾಗ ಮುಚ್ಚಳವೂ ಜೊತೆಗೆ ಬದಲಾಗಬೇಕೆಂದರೆ ‘ಎಡಿಟರ್: ಲಿಂಕ್ಡ್ ಎಡಿಟಿಂಗ್’ ಆನ್ ಮಾಡಿ. ಮೊದಲಿಗೆ ಇದು ಆಫ್ ಇರುತ್ತದೆ, ಆದ್ದರಿಂದಲೇ ಜನ ಇದಕ್ಕೊಂದು ಎಕ್ಸ್‌ಟೆನ್ಶನ್ ಹುಡುಕುತ್ತಾರೆ. ಇದಕ್ಕೂ ಹಿಂದೆ ಮುಚ್ಚಳದ ಮೇಲೆ ಎರಡನೆಯ ಕರ್ಸರನ್ನೇ ಕೂರಿಸುವ ಸೆಟ್ಟಿಂಗ್ ಒಂದಿತ್ತು, ಈಗ ಅದು ಬಳಕೆ ತಪ್ಪಿದೆ. ಹಳೆಯ ಟ್ಯುಟೋರಿಯಲ್ ನೋಡಿ ಅದನ್ನು ಹುಡುಕಬೇಡಿ. ಒಂದೇ ಸಲಕ್ಕೆ ಸಾಕು ಎನ್ನುವವರು ಟ್ಯಾಗ್ ಹೆಸರಿನ ಮೇಲೆ ನಿಂತು ಎಫ್2 ಒತ್ತಿದರೂ ಆಗುತ್ತದೆ, ಎರಡೂ ಕಡೆ ಬದಲಾಗುತ್ತದೆ. ಜೋಡಿ ಸರಿಯಿಲ್ಲದಿದ್ದರೆ ಎರಡೂ ಕೆಲಸ ಮಾಡುವುದಿಲ್ಲ. ಹೆಸರು ಒಂದೇ ಕಡೆ ಬದಲಾಯಿತು ಎಂದರೆ ನಡುವೆ ಎಲ್ಲೋ ಮುಚ್ಚಳ ತಪ್ಪಿದೆ ಎಂದುಕೊಳ್ಳಿ.

ಏನೂ ಬರುತ್ತಿಲ್ಲ, ಮುಚ್ಚಳವೂ ಇಲ್ಲ, ಎಮ್ಮೆಟೂ ಇಲ್ಲ ಎಂದಾಗ ಸೆಟ್ಟಿಂಗ್ಸ್ ತೆರೆಯುವ ಮೊದಲು ಕೆಳಗೆ ಬಲಮೂಲೆಯಲ್ಲಿ ಭಾಷೆಯ ಹೆಸರು ನೋಡಿ. ಸೇವ್ ಮಾಡದ ಹೊಸ ಫೈಲ್ ಪ್ಲೇನ್ ಟೆಕ್ಸ್ಟ್ ಆಗಿರುತ್ತದೆ. ಕಂಟ್ರೋಲ್ ಕೆ ಒತ್ತಿ ಬಿಟ್ಟು, ಎಮ್ ಒತ್ತಿದರೆ ಭಾಷೆ ಬದಲಿಸಬಹುದು. ಪಿಎಚ್‌ಪಿ ಫೈಲಿನಲ್ಲಿ ಎಮ್ಮೆಟ್ ಬರುತ್ತದೆ, ಆದರೆ > ಒತ್ತಿದಾಗಿನ ಮುಚ್ಚಳ ಬರುವುದಿಲ್ಲ. ಅಲ್ಲಿಗೆ ‘ಆಟೋ ಕ್ಲೋಸ್ ಟ್ಯಾಗ್’ ಎಕ್ಸ್‌ಟೆನ್ಶನ್ ಬೇಕು. ಎಚ್‌ಟಿಎಮ್‌ಎಲ್ ಫೈಲಿಗೆ 2017ರ ಆಗಸ್ಟ್‌ನ 1.16 ಆವೃತ್ತಿಯಿಂದಲೇ ಈ ಸೌಲಭ್ಯ ಒಳಗೆ ಇದೆ, ಹಾಗಾಗಿ ಎಕ್ಸ್‌ಟೆನ್ಶನ್ ಪಟ್ಟಿಗೆ ಎಚ್‌ಟಿಎಮ್‌ಎಲ್ ಅನ್ನು ನೀವಾಗಿ ಸೇರಿಸಬೇಡಿ, ಒಂದೇ > ಹೊಡೆತಕ್ಕೆ ಇಬ್ಬರೂ ಓಡಿಬರುತ್ತಾರೆ. ಟ್ಯಾಬ್ ಒತ್ತಿದರೆ ಕರ್ಸರ್ ಎಡಿಟರ್ ಬಿಟ್ಟು ಪಕ್ಕದ ಗುಂಡಿಗಳ ಮೇಲೆ ಹೋಗುತ್ತಿದ್ದರೆ ಅದು ಕಂಟ್ರೋಲ್ ಎಮ್‌ನ ಕೆಲಸ, ಅದನ್ನೇ ಇನ್ನೊಮ್ಮೆ ಒತ್ತಿ.

ರಿಯಾಕ್ಟ್ (ಜಾವಾಸ್ಕ್ರಿಪ್ಟ್‌ನ ಒಂದು ಲೈಬ್ರರಿ) ಬರೆಯುವವರಿಗೆ ಸೆಟ್ಟಿಂಗ್ ಬೇರೆ, ಕೆಲಸ ಮಾಡುವವನೂ ಬೇರೆ. ಅದರಲ್ಲಿ ಟ್ಯಾಗ್ ಬರೆಯುವ ರೀತಿಯಾದ ಜೆಎಸ್ಎಕ್ಸ್‌ನಲ್ಲಿ ಮುಚ್ಚಳ ಕೊಡುವುದು ಟೈಪ್‌ಸ್ಕ್ರಿಪ್ಟ್ ಸರ್ವರ್. ಅದು ಮುಂದೆ ಜೋಡಿ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾತ್ರ ಹಾಕುತ್ತದೆ. ಹಾಗಾಗಿ ಮೇಲೆ ಹೇಳಿದ ಎರಡು ಮುಚ್ಚಳದ ಸಮಸ್ಯೆ ಅಲ್ಲಿ ಇಲ್ಲ. ಬಿಆರ್, ಐಎಮ್‌ಜಿ ಅಲ್ಲಿ ವಿಶೇಷವೇನಲ್ಲ, > ಗಿಂತ ಮುಂಚೆ ಸ್ಲಾಶ್ ಹಾಕಿಯೇ ಮುಗಿಸಬೇಕು. ಅದೇ ಅಭ್ಯಾಸವನ್ನು ಎಚ್‌ಟಿಎಮ್‌ಎಲ್ ಫೈಲಿಗೆ ತಂದು <ಡಿವ್ /> ಎಂದು ಬರೆದರೆ ಕೆಡುತ್ತೀರಿ, ಬ್ರೌಸರ್ ಆ ಸ್ಲಾಶನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಡಿವ್ ತೆರೆದೇ ಇರುತ್ತದೆ.

ಉಳಿದವರ ಮನೆ ಸಮಾಚಾರ ಬೇಗ. ಸಬ್ಲೈಮ್ ಟೆಕ್ಸ್ಟ್ ನೀವು </ ಹೊಡೆದಾಗ ಮುಚ್ಚಳ ಪೂರ್ತಿ ಮಾಡುತ್ತದೆ, ಬೇಕೆಂದಾಗ ಕರೆಯಲು ಆಲ್ಟ್ ಮತ್ತು ಚುಕ್ಕಿ. ಸುತ್ತಲು ಆಲ್ಟ್ ಶಿಫ್ಟ್ ಡಬ್ಲ್ಯೂ. ವೆಬ್‌ಸ್ಟಾರ್ಮ್‌ನಲ್ಲಿ ಇವೆಲ್ಲ ಸ್ಮಾರ್ಟ್ ಕೀಸ್ ಎಂಬ ಪುಟದಲ್ಲಿವೆ, ಎರಡೂ ಹೆಸರು ಒಟ್ಟಿಗೆ ಬದಲಾಗುವುದೂ ಅಲ್ಲೇ. ನೋಟ್‌ಪ್ಯಾಡ್++ನಲ್ಲಿ ಪ್ರಿಫರೆನ್ಸಸ್ ಒಳಗಿನ ಆಟೋ ಕಂಪ್ಲೀಶನ್ ಪುಟಕ್ಕೆ ಹೋಗಿ ಕ್ಲೋಸ್ ಟ್ಯಾಗ್ ಚೌಕಕ್ಕೆ ಗುರುತು ಹಾಕಬೇಕು. ಅಲ್ಲಿ ಇನ್ಸರ್ಟ್ ಕೀ ಕೈತಾಗಿ ಓವರ್‌ಟೈಪ್ ಆಗಿದ್ದರೆ, <ಪಿ>|</ಪಿ> ನಡುವೆ ಬರೆದ ಒಂದೊಂದು ಅಕ್ಷರವೂ ಮುಚ್ಚಳದ ಒಂದೊಂದು ಅಕ್ಷರವನ್ನು ತಿನ್ನುತ್ತದೆ. ವಿಮ್‌ನಲ್ಲಿ ಎಚ್‌ಟಿಎಮ್‌ಎಲ್ ಫೈಲ್‌ಟೈಪ್ ಪ್ಲಗಿನ್ ಆನ್ ಇದ್ದರೆ </ ಹೊಡೆದು ಕಂಟ್ರೋಲ್ ಎಕ್ಸ್, ಕಂಟ್ರೋಲ್ ಓ. ಟ್ಯಾಗ್ ಒಳಗಿನ ಪಠ್ಯವನ್ನೆಲ್ಲ ಅಳಿಸಿ ಹೊಸದು ಬರೆಯಲು ಸಿ, ಐ, ಟಿ ಮೂರು ಕೀ. ಈ ವಿಷಯದಲ್ಲಿ ವಿಮ್ ಅನ್ನು ಮೀರಿಸಿದವರಿಲ್ಲ. ವೆಬ್ ಪುಟದೊಳಗೆ ಎಡಿಟರ್ ಕೂರಿಸಲು ಬಳಸುವ ಕೋಡ್‌ಮಿರರ್‌ನ 5ನೆಯ ಆವೃತ್ತಿ ಮುಚ್ಚಳ ಹಾಕುವ ಮುಂಚೆ ಮುಂದಿನ 500 ಸಾಲುಗಳ ತನಕ ಹುಡುಕಿ, ಆಗಲೇ ಇದ್ದರೆ ಸುಮ್ಮನಾಗುತ್ತದೆ. ಒಳ್ಳೆಯ ನಡತೆ.

ಕನ್ನಡ ಪುಟ ಬರೆಯುವವರಿಗೆ ಇವೆಲ್ಲದರ ಮೇಲೆ ಇನ್ನೊಂದು ಪದರ ಇದೆ. ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸದಲ್ಲಿ ಶಿಫ್ಟ್ ಮತ್ತು ಅಲ್ಪವಿರಾಮದ ಕೀ ಒತ್ತಿದರೆ < ಬರುವುದಿಲ್ಲ, ಷ ಬರುತ್ತದೆ. ಸ್ಲಾಶ್ ಕೀಯಲ್ಲಿ ಯ ಇದೆ. ಅಂದರೆ ಕನ್ನಡದಲ್ಲಿ ಇದ್ದುಕೊಂಡು </ ಹೊಡೆಯುವುದಕ್ಕೇ ಆಗದು, ಪ್ರತಿ ಟ್ಯಾಗಿಗೂ ಕೀಬೋರ್ಡ್ ಬದಲಿಸಬೇಕು. ಕಗಪ ವಿನ್ಯಾಸದವರಿಗೆ ಚಿಹ್ನೆಗಳ ತೊಂದರೆ ಇಲ್ಲ, ಟ್ಯಾಗ್ ಹೆಸರಿಗೆ ಮಾತ್ರ ಇಂಗ್ಲಿಷ್ ಬೇಕು. ಇಬ್ಬರಿಗೂ ಒಂದೇ ಉಪಾಯ: ಇಂಗ್ಲಿಷ್‌ನಲ್ಲಿದ್ದಾಗಲೇ ಎಮ್ಮೆಟ್‌ನಿಂದ ಇಡೀ ಚೌಕಟ್ಟು ಹಾಕಿಕೊಳ್ಳಿ, ಒಮ್ಮೆ ಕನ್ನಡಕ್ಕೆ ಬದಲಿಸಿ, ಟ್ಯಾಬ್ ಒತ್ತುತ್ತಾ ನಿಲ್ದಾಣದಿಂದ ನಿಲ್ದಾಣಕ್ಕೆ ಪಠ್ಯ ತುಂಬಿಸಿ. ಕೀಬೋರ್ಡ್ ಬದಲಾದರೆ ನಿಲ್ದಾಣಗಳು ಹೋಗುವುದಿಲ್ಲ. ಜೊತೆಗೆ, ಆಶ್ಚರ್ಯಸೂಚಕ ಚಿಹ್ನೆ ಹೊಡೆದಾಗ ಎಮ್ಮೆಟ್ ಕೊಡುವ ಇಡೀ ಪುಟದ ಚೌಕಟ್ಟಿನಲ್ಲಿ ಲ್ಯಾಂಗ್ ಮೌಲ್ಯ ಇಂಗ್ಲಿಷ್‌ನದು. ‘ಎಮ್ಮೆಟ್: ವೇರಿಯಬಲ್ಸ್’ ಸೆಟ್ಟಿಂಗ್‌ನಲ್ಲಿ ಲ್ಯಾಂಗ್ ಅನ್ನು ಕನ್ನಡದ ಎರಡಕ್ಷರದ ಸಂಕೇತಕ್ಕೆ, ಅಂದರೆ ಕೆಎನ್‌ಗೆ, ಒಮ್ಮೆ ಬದಲಿಸಿಟ್ಟರೆ ಪ್ರತಿ ಫೈಲಿನಲ್ಲೂ ತಿದ್ದುವ ಕೆಲಸ ತಪ್ಪುತ್ತದೆ.

ಕರ್ಸರ್ ಕನ್ನಡದ ಮೇಲೆ ನಡೆಯುವ ರೀತಿಯೂ ಬೇರೆ. ಕ್ಷಾ ನಮಗೆ ಒಂದಕ್ಷರ. ಕಂಪ್ಯೂಟರಿಗೆ ಅದು ನಾಲ್ಕು ಸಂಕೇತ: ಕ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ಷ, ದೀರ್ಘ. ಒತ್ತಕ್ಷರವನ್ನು ಒಡೆಯದೆ ಒಂದೇ ಘಟಕವೆಂದು ಎಣಿಸುವ ನಿಯಮ ಯೂನಿಕೋಡ್ ಎಂಬ ಅಕ್ಷರ ಸಂಕೇತಗಳ ಮಾನಕದ 15.1ರಲ್ಲಿ, 2023ರಲ್ಲಿ ಬಂತು. ಆಗ ದೇವನಾಗರಿ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಹೀಗಾಗಿ ಬಾಣದ ಕೀ ಕ್ಷಾ ದಾಟಲು ಎರಡು ಹೆಜ್ಜೆ ತೆಗೆದುಕೊಂಡರೆ ಬೆಚ್ಚಬೇಡಿ. ಬ್ಯಾಕ್‌ಸ್ಪೇಸ್ ಇನ್ನೂ ಸಣ್ಣ ಹೆಜ್ಜೆ ಇಡುತ್ತದೆ, ಒಂದು ಸಲಕ್ಕೆ ಒಂದೇ ಸಂಕೇತ. <ಪಿ>ಕ್ಷಾ|ರ</ಪಿ> ಎಂಬಲ್ಲಿ ಆ ಅಕ್ಷರ ಅಳಿಸಲು ನಾಲ್ಕು ಸಲ ಒತ್ತಬೇಕು. ಎಣಿಕೆ ತಪ್ಪಿ ಐದನೆಯ ಸಲ ಒತ್ತಿದರೆ ಓಪನಿಂಗ್ ಟ್ಯಾಗಿನ > ಹೋಗುತ್ತದೆ. ಹೋಯಿತಲ್ಲ ಎಂದು > ಮತ್ತೆ ಹೊಡೆದರೆ ಎಚ್‌ಟಿಎಮ್‌ಎಲ್ ಸರ್ವರ್ ಓಡಿಬಂದು ಇನ್ನೊಂದು </ಪಿ> ಇಟ್ಟು ಹೋಗುತ್ತದೆ. ಅಲ್ಲಿ > ಅನ್ನು ಕೈಯಿಂದ ಹೊಡೆಯಬೇಡಿ, ಕಂಟ್ರೋಲ್ ಝಡ್‌ನಿಂದ ವಾಪಸ್ ತನ್ನಿ.